ಮೊಟ್ಟೆಗಳಿಗೆ ಹೊಲಿದ ಅಂಗಿ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಆದರೆ ಒಬ್ಬ ದರ್ಜಿಯ ಕಣ್ಣಿಗೆ ಮನೆಯಲ್ಲಿ ಹಳದಿಯಾಗಿ ಕಾಣುತ್ತಿದ್ದದ್ದು ಅತ್ತೆಯೊಬ್ಬರೇ.

ಊಟದ ಕೋಣೆಯ ಮೂಲೆಯಲ್ಲಿ, ಕೆಟ್ಟು ನಿಂತ ಹೊಲಿಗೆ ಯಂತ್ರದ ಮೇಜಿನ ಮೇಲೆ, ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆ ಕೂತಿತ್ತು. ಒಳಗಿದ್ದದ್ದು ಮಗಳು ಮುದ್ದಿನಿಂದ ಸಾಕಿದ್ದ ಕೋಳಿಯ ಕೊನೆಯ ಮೊಟ್ಟೆಗಳು. ಕಾವಿಗೆ ಕೂತಿದ್ದ ಕೋಳಿಯನ್ನು ನಾಯಿ ಹಿಡಿದ ದಿನ ಹುಡುಗಿ ಊಟ ಮುಟ್ಟಿರಲಿಲ್ಲ. ಮರಿ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟು ದರ್ಜಿ ಅವತ್ತೇ ಪೆಟ್ಟಿಗೆ ತಂದಿದ್ದ. ಅದನ್ನು ನೋಡಿದ ಅತ್ತೆ, "ಪೆಟ್ಟಿಗೆಗೆ ಹುಟ್ಟಿದ್ದು ಯಾರನ್ನ ಅಮ್ಮ ಅನ್ನತ್ತೆ?" ಎಂದರು. ಆ ಮಾತು ಮುರಿದ ಸೂಜಿಯ ತುದಿಯಂತೆ ಅವನೊಳಗೇ ಉಳಿದುಬಿಟ್ಟಿತು.

ಕಾವು ಎಲ್ಲ ಕಡೆ ತಾಗಲೆಂದು ಮೊಟ್ಟೆಗಳನ್ನು ಬೆಳಿಗ್ಗೆ, ಸಂಜೆ ಮಗುಚುತ್ತಿದ್ದ. ಗುರುತಿಗೆ ಒಂದೊಂದರ ಮೇಲೂ, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಗೀಟು ಎಳೆದಿದ್ದ. ಬೆಳಿಗ್ಗೆ ಗೀಟು ಕೆಳಗೆ, ಸಂಜೆ ಮೇಲೆ. ಒಂದು ಸಂಜೆ ಅಂಗಡಿಯಿಂದ ಬಂದು ನೋಡಿದರೆ ಗೀಟುಗಳೆಲ್ಲ ಆಗಲೇ ಮೇಲಿದ್ದವು. ಹೆಂಡತಿ ಕೆಲಸಕ್ಕೆ, ಮಗಳು ಶಾಲೆಗೆ ಹೋದಮೇಲೆ ಮನೆಯಲ್ಲಿ ಉಳಿಯುವವರು ಇನ್ಯಾರು? ಹೆಂಡತಿಯನ್ನು ಕೇಳಿದರೆ, ಮಂಡಿನೋವಿನ ಅಮ್ಮನಿಗೆ ಅದೇ ಕೆಲಸವೇ ಎಂದು ನಕ್ಕಳು. ತಾಯಿಯ ಪರ ವಹಿಸದೆ ಇರುತ್ತಾಳೆಯೇ ಎಂದುಕೊಂಡ.

ಒಂದು ಮಧ್ಯಾಹ್ನ ಸದ್ದಿಲ್ಲದೆ ಮನೆಗೆ ಬಂದ. ಅತ್ತೆ ಪೆಟ್ಟಿಗೆಯ ಮೇಲೆ ಬಾಗಿ ಏನನ್ನೋ ಗುಣುಗುಟ್ಟುತ್ತಿದ್ದರು. ಇವನನ್ನು ಕಂಡದ್ದೇ ಬಾಯಿ ಮುಚ್ಚಿದರು. ಅಳತೆ ಟೇಪು ಮರೆತೆ ಎಂದು ತಡವರಿಸಿದ.

"ಕುತ್ತಿಗೇಲೇ ಇದೆಯಲ್ಲ ಅಳಿಯಂದ್ರೇ," ಎಂದರು ಅತ್ತೆ.

ಮಾನ ಹೋದದ್ದು ಹಾಗಿರಲಿ, ಆ ಗುಣುಗುಟ್ಟುವಿಕೆ ಅವನ ತಲೆ ಕೊರೆಯಿತು. ಶಾಪ ಹಾಕುತ್ತಿದ್ದಾರೆಯೇ? ಮರಿಗಳು ಸತ್ತರೆ "ನಾನು ಹೇಳಿರಲಿಲ್ವಾ" ಅನ್ನಲು ಕಾದಿದ್ದಾರೆಯೇ? ಅನುಮಾನಕ್ಕೆ ಮದ್ದಿಲ್ಲ ನೋಡಿ, ಅತ್ತೆ ಕೆಮ್ಮಿದರೂ ಅವನಿಗೆ ಅದರಲ್ಲೊಂದು ಅರ್ಥ ಕಾಣುತ್ತಿತ್ತು.

ಮೊಟ್ಟೆ ಒಡೆದು ಮರಿ ಬರುವ ಕಾಲ ಹತ್ತಿರ ಬಂತು. ಇನ್ನು ಮಗುಚುವ ಕೆಲಸವಿಲ್ಲ. ಅವತ್ತು ಬೆಳಿಗ್ಗೆ ದರ್ಜಿ ಕೋಟಿನ ದಪ್ಪ ಬಟ್ಟೆಯನ್ನು ಪೆಟ್ಟಿಗೆಯ ಅಳತೆಗೆ ಸರಿಯಾಗಿ ಕತ್ತರಿಸಿ, ಅದಕ್ಕೆ ತೊಡಿಸಿ, ಉಗುರು ತೂರದಂತೆ ಸುತ್ತಲೂ ಹೊಲಿದ. ಈಗ ಮುಟ್ಟಲಿ ನೋಡೋಣ ಎಂದುಕೊಂಡು ಅಂಗಡಿಗೆ ಹೋದ.

ಸಂಜೆ ಬಂದಾಗ ಹೊದಿಕೆ ಉದ್ದಕ್ಕೂ ಸೀಳಿತ್ತು. ಪಕ್ಕದಲ್ಲೇ ಕತ್ತರಿ ಇತ್ತು. ಅವನು ಕತ್ತರಿ ಎತ್ತಿಕೊಂಡ. ಕೋಪವೇನೋ ಬಂದಿತ್ತು, ಆದರೆ ಕಳ್ಳ ಸಿಕ್ಕ ಖುಷಿಯೂ ಅದರಲ್ಲಿತ್ತು.

"ಕೊನೆಗೂ ಕತ್ತರಿ ಹಾಕಿದ್ರಲ್ಲ ಅತ್ತೆ. ಈ ಮರಿಗಳು ಬದುಕೋದು ನಿಮಗೆ ಬೇಡ, ಅಲ್ವಾ?"

ಶಾಲೆಯ ಚೀಲ ಇಳಿಸದೆ ಮಗಳು ಬಾಗಿಲಲ್ಲೇ ನಿಂತಳು.

"ಪೆಟ್ಟಿಗೆಗೆ ಗಾಳಿ ಆಡೋ ತೂತು ಇರೋದು ಕಾಣಲಿಲ್ವಾ?" ಎಂದರು ಅತ್ತೆ. "ಅದರ ಮೇಲೇ ಹೊಲಿದಿದ್ರಿ. ಒಳಗೆ ಬಿಸಿ ಏರ್ತಾ ಇತ್ತು."

ದರ್ಜಿ ನೋಡಿದ. ಸೀಳಿದ ಬಟ್ಟೆಯ ಸಂದಿನಲ್ಲಿ ಪೆಟ್ಟಿಗೆಯ ಆ ಪುಟ್ಟ ತೂತುಗಳಿದ್ದವು. ಅಳೆದೂ ಅಳೆದೂ ಹೊಲಿದವನಿಗೆ ಅವು ಕಂಡಿರಲಿಲ್ಲ. ಪೆಟ್ಟಿಗೆಗೆ ಕಿವಿ ಹಚ್ಚಿದ. ಸದ್ದಿಲ್ಲ. ಮಗಳಿಗೆ ಕೊಟ್ಟ ಮಾತನ್ನು ತನ್ನ ಕೈಯಾರೆ ಕೊಂದೆನೇ ಎಂದು ಭಯವಾಯಿತು. "ಬಾ ಬಾ" ಎಂದು ಕರೆದ. ಉತ್ತರವಿಲ್ಲ.

ಅತ್ತೆ ಮಂಡಿ ಹಿಡಿದುಕೊಂಡು ಬಂದು ಬಾಗಿದರು. "ತಾಯಿಕೋಳಿ ದಿನಕ್ಕೆ ಎರಡೇ ಸಲ ಮಗುಚಿ ಸುಮ್ಮನೆ ಕೂರತ್ತಾ? ಅದಕ್ಕೇ ಮಧ್ಯಾಹ್ನ ನಾನೊಂದು ಸಲ ಮಗುಚ್ತಿದ್ದೆ. ಅದು ಮರಿಗಳ ಜೊತೆ ಮಾತೂ ಆಡತ್ತೆ." ಆಮೇಲೆ ಅದೇ ಗುಣುಗುಟ್ಟುವ ದನಿಯಲ್ಲಿ, "ಎದ್ಯಾ ಕಂದಾ? ನಾನಿದೀನಿ," ಎಂದರು.

ಚಿಪ್ಪಿನೊಳಗಿಂದ ಸಣ್ಣಗೆ ಚಿಂವ್ ಎಂದಿತು.

ಕಾಕತಾಳೀಯವಿರಬಹುದೆಂದು ದರ್ಜಿ ಅದೇ ಮಾತನ್ನು ತಾನೂ ಹೇಳಿ ನೋಡಿದ. ಮೊಟ್ಟೆಗಳು ಸುಮ್ಮನಿದ್ದವು. ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಅವನು ಉಳಿದ ಹೊಲಿಗೆಯನ್ನು ತಾನೇ ಬಿಚ್ಚತೊಡಗಿದ.

"ಅತ್ತೆ," ಎಂದ, ತಲೆ ಎತ್ತದೆ, "ಇನ್ನೊಂದು ಸಲ ಕರೀರಿ."