ಟೆಂಪೊ ಕುಡಿದ ನೀರು

"ಹಿಂದಿನಿಂದ ಗಟ್ಟಿ ಹಿಡೀರಿ, ಜಾರಾಕತ್ತಾರ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಮಲ್ಲಿನಾಥ ಅಣ್ಣನ ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆತ್ತಿದ. ಸಾತಪ್ಪನ ಹೆಣವನ್ನು ಚಕ್ಕಳಮಕ್ಕಳ ಕೂರಿಸಿ, ಗೋಡೆಯ ಗೂಟಕ್ಕೆ ಧೋತರದ ಪಟ್ಟಿಯಿಂದ ಕಟ್ಟಬೇಕಿತ್ತು. ಒಂದು ಕಾಲಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಅಣ್ಣ ಈಗ ತನ್ನ ಭಾರವನ್ನೆಲ್ಲ ತಮ್ಮನ ಎದೆಗೆ ಒರಗಿಸಿದ್ದ.

ಅಂಗಳದ ತುಂಬ ಜನ. ಸಾತಪ್ಪ ಉತ್ತೂರಿನ ಹಾಲನ್ನು ದಿನವೂ ತನ್ನ ಹಳೆಯ ಟೆಂಪೊದಲ್ಲಿ ಗಡಹಿಂಗ್ಲಜ ಪೇಟೆಗೆ ಒಯ್ಯುತ್ತಿದ್ದವನು. ಎಮ್ಮೆ ಇದ್ದ ಮನೆಯವರೆಲ್ಲ ಬಂದಿದ್ದರು. ನಿನ್ನೆ ಮುಂಜಾನೆ ದಾರಿಯ ಏರಿನಲ್ಲಿ ಟೆಂಪೊದ ಇಂಜಿನ್ನು ಎಂದಿನಂತೆ ನೀರಿಲ್ಲದೆ ಕಾದು ಕುದಿದಿತ್ತು. ಅವನೂ ಎಂದಿನಂತೆ ಕ್ಯಾನು ಹಿಡಿದು ಹಳ್ಳಕ್ಕಿಳಿದಿದ್ದ. ನೀರು ಹೊತ್ತು ಮೇಲೆ ಹತ್ತುವಾಗ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

"ಲೈ ವಾಈಟ ಝಾಲಂ," ಎಂದು ಹಾಲಿನ ಸಂಘದ ಕೃಷ್ಣಾತ ಮರಾಠಿಯಲ್ಲಿ ಹಲುಬಿದ. "ಭಾಳ ಕೆಟ್ಟದ್ದಾತು. ಎರಡ ವರ್ಷ ಆತ ನೋಡ್ರಿ, ಆ ಗಾಡಿ ನೀರ ಕುಡ್ಯಾಕತ್ತು. ಕೆಳಗ ಒಂದ ಹನಿ ಬೀಳೂದಿಲ್ಲ. ಎಲ್ಲಿ ಹೋಗತಿತ್ತೋ ಏನೋ! ಮಲ್ಲಿನಾಥನಂಥಾ ಮಿಸ್ತ್ರಿಗೂ ಸಿಗಲಿಲ್ಲ."

"ಅವನರ ಏನ ಮಾಡಾಂವ್ರಿ," ಎಂದಳು ಸಾತಪ್ಪನ ಹೆಂಡತಿ ಚನ್ನವ್ವ, ಬಾಯಿಂದ ಸೆರಗು ತೆಗೆದು. "ಗುರುವಾರಕ್ಕೊಮ್ಮೆ ಗಾಡಿ ಕೆಳಗ ಹೊಕ್ಕು ನೋಡತಿದ್ದ, ಪಾಪ."

ಆ 'ಪಾಪ' ಮಲ್ಲಿನಾಥನಿಗೆ ಬೈಗುಳಕ್ಕಿಂತ ಜೋರಾಗಿ ತಟ್ಟಿತು.

* * *

ಹಿಂದೆ ಅವ್ವ ತೀರಿಕೊಂಡಾಗ, ಅವಳ ದಿನಕರ್ಮದ ಊಟದಲ್ಲಿ ಹೊಲದ ಬದುವಿನ ಮಾತು ಬಂದು, ಅಣ್ಣತಮ್ಮಂದಿರು ಎಂಜಲು ಕೈಯಲ್ಲೇ ಎದ್ದು ಬೇರೆಯಾಗಿದ್ದರು. ಮಲ್ಲಿನಾಥ ಗಡಹಿಂಗ್ಲಜದಲ್ಲಿ ಗ್ಯಾರೇಜು ಹಾಕಿದ. ಹನ್ನೊಂದು ವರ್ಷದ ಮೇಲೆ ಒಂದು ಗುರುವಾರ ಅದರ ಮುಂದೆ ಟೆಂಪೊ ಬಂದು ನಿಂತಿತು.

"ಎಲ್ಲಾರಿಗೂ ತೋರಿಸೇನಿ. ನೀರ ಎಲ್ಲಿ ಹೋಗತೈತಿ, ಯಾರಿಗೂ ತಿಳೀವಲ್ದು," ಎಂದ ಸಾತಪ್ಪ. ಹೇಳಿದ್ದು ತಮ್ಮನಿಗಲ್ಲ, ಟೆಂಪೊದ ಕನ್ನಡಿಗೆ.

ಮಲ್ಲಿನಾಥ ರೇಡಿಯೇಟರು, ಪೈಪು, ಪಂಪು ಎಲ್ಲ ನೋಡಿದ. ಕೆಳಗೆ ಪೇಪರು ಹಾಸಿಟ್ಟ, ಅದು ಒಣಗಿಯೇ ಇತ್ತು. ಆಯಿಲ್ಲಿನಲ್ಲಿ ನೀರು ಬೆರೆತಿರಲಿಲ್ಲ, ಹೊಗೆಯೂ ಬೆಳ್ಳಗಿರಲಿಲ್ಲ, ಅಂದರೆ ನೀರು ಇಂಜಿನ್ನಿನೊಳಗೂ ಹೋಗುತ್ತಿರಲಿಲ್ಲ. ಇಂಜಿನ್ನು ತಂಪಾಗಿಡುವ ಹಸಿರು ಕೂಲಂಟ್ ತುಂಬಿ ಕಳಿಸಿದ. ಮುಂದಿನ ವಾರಕ್ಕೆ ಅದೂ ಮಾಯ.

ಮೂರನೆಯ ಗುರುವಾರ ಸೋರಿಕೆ ಸಿಕ್ಕಿತು. ಇಂಜಿನ್ನಿನ ಬೆನ್ನಿಗೆ, ಗೇರ್‌ಬಾಕ್ಸಿನ ಮೇಲೆ, ಬೆರಳೂ ಹೋಗದ ಸಂದಿಯಲ್ಲಿ ನೀರು ತಡೆಯುವ ನಾಣ್ಯದಗಲದ ತಗಡಿನ ಮುಚ್ಚಳವೊಂದು ತುಕ್ಕು ಹಿಡಿದು ತೂತಾಗಿತ್ತು. ಇಂಜಿನ್ನು ಕಾದಾಗ ಮಾತ್ರ ಅಲ್ಲಿ ನೀರು ಬೆವರುತ್ತಿತ್ತು, ಕೆಳಗೆ ಬೀಳುವ ಮೊದಲೇ ಬಿಸಿ ಕಬ್ಬಿಣದ ಮೇಲೆ ಆವಿಯಾಗುತ್ತಿತ್ತು. ಉಳಿದಿದ್ದು ಕೂಲಂಟಿನ ಹಸಿರು ಕಲೆಯೊಂದೇ.

ಸಿಕ್ಕಿತು ಎಂದು ಕೂಗಲು ಮಲ್ಲಿನಾಥ ಗಾಡಿಯ ಕೆಳಗಿನಿಂದ ಹೊರಬಂದ. ಬಾಕಿನ ಮೇಲೆ ಕೂತಿದ್ದ ಸಾತಪ್ಪ ತನ್ನ ಚಹಾದಲ್ಲಿ ಅರ್ಧವನ್ನು ಬಸಿಗೆ ಸುರಿದು ಇತ್ತ ಸರಿಸಿದ.

"ಆರತೈತಿ. ಮೊದಲ ಕುಡಿ."

ಗಾಡಿಯ ವಿಷಯ ಬಿಟ್ಟರೆ ಹನ್ನೊಂದು ವರ್ಷದಲ್ಲಿ ಅವನು ತಮ್ಮನೊಡನೆ ಆಡಿದ ಮೊದಲ ಮಾತು ಅದು. ಮಲ್ಲಿನಾಥ ಬಸಿ ಎತ್ತಿಕೊಂಡ. ಗಾಡಿ ನೆಟ್ಟಗಾದರೆ ಈ ಬಾಕಿನ ಮೇಲೆ ಅಣ್ಣ ಇನ್ನೇಕೆ ಕೂರುತ್ತಾನೆ?

"ಸಿಗವಲ್ದು ಅಣ್ಣಾ," ಎಂದ. "ಮುಂದಿನ ಗುರುವಾರ ತಗೊಂಡ ಬಾ."

ಸಾತಪ್ಪ ಬಂದ. ಎರಡು ವರ್ಷ, ಒಂದು ಗುರುವಾರವನ್ನೂ ತಪ್ಪಿಸದೆ ಬಂದ. ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಕೆಟ್ಟ ಗಾಡಿಯಂಥ ಮಧ್ಯಸ್ಥ ಬೇರೆ ಸಿಗುವುದಿಲ್ಲ.

* * *

ಸಾತಪ್ಪನನ್ನು ಗುಂಡಿಯಲ್ಲಿ ಕೂರಿಸಿ, ವಿಭೂತಿ ಹಾಕಿ, ಎಲ್ಲರೂ ಹಿಡಿ ಹಿಡಿ ಮಣ್ಣು ಕೊಟ್ಟರು. ಮಲ್ಲಿನಾಥನ ಮುಷ್ಟಿ ಬಿಚ್ಚಲೇ ಇಲ್ಲ. ಅಯ್ಯನವರೇ ಅವನ ಬೆರಳು ಬಿಡಿಸಬೇಕಾಯಿತು.

ಮನೆಗೆ ಬಂದು ಕಾಲು ತೊಳೆದವನು ಹಿತ್ತಲಲ್ಲಿ ಕೂತಿದ್ದ ಚನ್ನವ್ವನ ಎದುರು ಹೋಗಿ ಕುಕ್ಕರಿಸಿದ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಗುಟ್ಟನ್ನು ಹೊತ್ತುಕೊಂಡು ಅವಳ ಮನೆಯ ಅನ್ನ ಉಣ್ಣಲು ಅವನಿಂದ ಆಗುತ್ತಿರಲಿಲ್ಲ.

"ವೈನಿ, ನೀರ ಎಲ್ಲಿ ಹೋಗತಿತ್ತು ನನಗ ಗೊತ್ತಿತ್ತು. ಮೂರನೇ ವಾರಕ್ಕನ ಗೊತ್ತಾಗಿತ್ತು."

ಚನ್ನವ್ವ ತಲೆ ಎತ್ತಿದಳು. "ಮತ್ತ?"

"ಅರ್ಧಾ ದಿನದ ಕೆಲಸ. ಮಾಡಿಬಿಟ್ರ ಅಣ್ಣಾ ಮತ್ತ ಬರೂದಿಲ್ಲಂತ..."

ಅವಳು ಅಳಲಿಲ್ಲ.

"ಮನೀಗೆ ಬಂದು, 'ಅಣ್ಣಾ, ಬಾ' ಅಂತ ಬಾಯಿ ಬಿಟ್ಟು ಕರ್ಯಾಕ ಆಗಲಿಲ್ಲ ನಿನಗ?"

ಮಲ್ಲಿನಾಥ ಉಗುರಿನ ಸಂದಿಯ ಮಣ್ಣು ಕೆರೆದ.

"ನಾಳೆ ರುತುಜಾ ಹಾಲ ಒಯ್ತಾಳ. ನನ್ನ ಮಗಳು ಆ ಹಳ್ಳಕ್ಕ ಇಳೀಬಾರದು," ಎಂದಳು ಚನ್ನವ್ವ. "ಏಳು. ಮಾಡು."

ಕೃಷ್ಣಾತ ನಿನ್ನೆಯೇ ಟೆಂಪೊ ಎಳೆತಂದು ಅಂಗಳದ ಬದಿಗೆ ನಿಲ್ಲಿಸಿದ್ದ. ಮಲ್ಲಿನಾಥ ಗ್ಯಾರೇಜಿನಿಂದ ಜ್ಯಾಕು, ನಟ್ಟು ಬಿಚ್ಚುವ ಪಾನಾ, ಹೊಸ ಮುಚ್ಚಳ ತರಿಸಿದ. ಆ ಮುಚ್ಚಳ ಎರಡು ವರ್ಷದಿಂದ ಅವನ ಡ್ರಾಯರಿನಲ್ಲೇ ಇತ್ತು. ಗೇರ್‌ಬಾಕ್ಸು ಇಳಿಸಿ ಅದನ್ನು ಬಡಿದು ಕೂರಿಸುವಾಗ ಅವನ ಕಣ್ಣೀರು ಕಿವಿಗಿಳಿಯುತ್ತಿತ್ತು. ಗಾಡಿಯ ಕೆಳಗೆ ಅಂಗಾತ ಮಲಗಿದವನ ಅಳು ಯಾರಿಗೂ ಕಾಣಲಿಲ್ಲ.

ಹೊತ್ತು ಇಳಿಯುವ ಮೊದಲು ಗಾಡಿ ಸರಿಯಾಯಿತೇ ನೋಡಲು ರುತುಜಾ ಅದನ್ನು ಹೊರತೆಗೆದಳು. ಅಪ್ಪನ ಪಕ್ಕ ಕೂತೇ ಕಲಿತವಳು. ಪಕ್ಕದಲ್ಲಿ ಕೂತ ಮಲ್ಲಿನಾಥನ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆಯೇ ಇತ್ತು. ಅದು ಅರ್ಧ ದಾಟಲಿಲ್ಲ. ಆದರೂ ಏರಿನ ನಡುವೆ ಅವಳು ಬದಿಗೆ ತಿರುಗಿಸಿ ನಿಲ್ಲಿಸಿದಳು.

"ಯಾಕವ್ವಾ? ಕಾದಿಲ್ಲಲ್ಲ."

"ಅಪ್ಪಾ ದಿನಾ ಇಲ್ಲೇ ನಿಂದರಸ್ತಿದ್ದ, ಕಾಕಾ," ಎಂದು ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿದಳು.

ಮಲ್ಲಿನಾಥ ಕೆಳಗಿಳಿದ. ಎರಡು ವರ್ಷದಲ್ಲಿ ಒಮ್ಮೆಯೂ ಅವನು ಇಲ್ಲಿ ಇಳಿದು ನೋಡಿರಲಿಲ್ಲ. ರಸ್ತೆಯಂಚಿನಿಂದ ಹಳ್ಳದವರೆಗೆ ಹುಲ್ಲು ಸವೆದು, ಒಬ್ಬನೇ ನಡೆಯುವಷ್ಟು ಅಗಲದ ಕಾಲುದಾರಿ ಬಿದ್ದಿತ್ತು. ಜಾರುವ ಕಡೆಯಲ್ಲೆಲ್ಲ ಸಾತಪ್ಪ ಚಪ್ಪಟೆ ಕಲ್ಲು ಹುಗಿದು ಮೆಟ್ಟಿಲು ಮಾಡಿಕೊಂಡಿದ್ದ. ಎಲ್ಲಕ್ಕಿಂತ ಕೆಳಗಿನ ಕಲ್ಲು ಹೊಸದು. ಅದರ ಸುತ್ತ ತಟ್ಟಿದ ಮಣ್ಣಿನಲ್ಲಿ ಅಣ್ಣನ ಅಂಗೈಯ ಗುರುತು ಇನ್ನೂ ಅಳಿಸಿರಲಿಲ್ಲ.