ಏಕಾದಶಿಯ ಫರಾಳ ಮತ್ತು ಹರಿಯಬೇಕಿದ್ದ ಎಂಜೈಮು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? "ಧಾರವಾಡದ ಪ್ರಯೋಗಾಲಯವೊಂದರಲ್ಲಿ ಗಾಜಿನ ಕೊಳವೆ ನಿಂತಿತ್ತು" ಎಂದು ಬರೆದೆ. ನನಗೇ ಆಕಳಿಕೆ ಬಂತು. ಹೊಡೆದುಹಾಕಿದೆ.

ಅಡುಗೆಮನೆಯೇ ವಾಸಿ. ೨೦೦೩ರ ಸುಮಾರು, ಧಾರವಾಡದ ಹತ್ತಿರದ ನವನಗರ, ಏಕಾದಶಿಯ ಭಾನುವಾರ. ಎಪ್ಪತ್ತು ದಾಟಿದ ಗೋದಾಬಾಯಿ ಉಪವಾಸದ ಫರಾಳಕ್ಕೆ ಸಾಬಕ್ಕಿ ಖಿಚಡಿ ಮಾಡಲು ಹೊರಟಿದ್ದಾರೆ. ತುಪ್ಪ ಕಾಯುತ್ತಿದೆ. ಫ್ರಿಜ್ಜಿನ ಸ್ಟೀಲ್ ಡಬ್ಬಿಯಲ್ಲಿದ್ದ ಬೆಳ್ಳನೆಯ ಮಣಿಗಳನ್ನು ಮೂರು ನೀರಿನಲ್ಲಿ ತೊಳೆದು ಬಸಿದಿದ್ದಾರೆ.

ಅದು ಸಾಬಕ್ಕಿಯಲ್ಲ. (ಓದುಗರೇ, ಅವರಿಗೆ ಈಗಲೇ ಹೇಳಬೇಡಿ.)

೨
(ಫ್ಲ್ಯಾಶ್‌ಬ್ಯಾಕ್ ನನಗೆ ಆಗಿಬರುವುದಿಲ್ಲ. ಬೇಗ ಮುಗಿಸುತ್ತೇನೆ.)

ಮೊಮ್ಮಗಳು ಚಿನ್ಮಯೀ ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಆ ಮಣಿಗಳು ಸಮುದ್ರಪಾಚಿಯ ಅಂಟಿನವು. ಒಳಗೆ ಎಂಜೈಮು ಸೆರೆಯಾಗಿದೆ. (ಕಿಣ್ವ ಎಂದರೆ ಪಠ್ಯಪುಸ್ತಕದ ವಾಸನೆ ಬರುತ್ತದೆ.) ಅವನ್ನು ಕೊಳವೆಗೆ ತುಂಬಿ, ಮೇಲಿನಿಂದ ಅಕ್ಕಿ ತೌಡು ನೆನೆಸಿದ ತಿಳಿನೀರು ಬಿಡುತ್ತಲೇ ಇದ್ದರೆ ಕೆಳಗಿನಿಂದ ಆಂಟಿಆಕ್ಸಿಡೆಂಟ್ ಇಳಿಯುತ್ತಲೇ ಇರುತ್ತದೆ. ಎಣ್ಣೆ ಕೆಡದಂತೆ ಕಾಯುವ ವಸ್ತು ಅದು. ಉಗ್ರ ಆಸಿಡ್ ಬೇಡ, ಹೊಲಸು ನೀರನ್ನು ಗಟಾರಕ್ಕೆ ಬಿಡುವುದೂ ಬೇಡ. ಅದೇ ಎಂಜೈಮು ಮತ್ತೆ ಮತ್ತೆ ದುಡಿಯುತ್ತದೆ. ಸೋಮವಾರ ಪರೀಕ್ಷಕರ ಮುಂದೆ ಇದನ್ನು ಹರಿಸಿ ತೋರಿಸಬೇಕು. ಇರುವುದು ಅಷ್ಟೇ ಮಣಿ.

ಶನಿವಾರ ಲ್ಯಾಬಿನ ಫ್ರಿಜ್ಜು ಕೆಟ್ಟಿತು. ಮಣಿಗಳನ್ನು ಮನೆಗೆ ತಂದಳು. ಲ್ಯಾಬಿನ ಬಾಟಲಿ ಕಂಡರೆ ಅಜ್ಜಿ ಮೈಲಿಗೆ ಎಂದು ಮನೆ ತಲೆಮೇಲೆ ಮಾಡುತ್ತಾರೆಂದು, ಅಜ್ಜಿಯದೇ ಮಡಿ ಡಬ್ಬಿಗೆ ಸುರಿದಿಟ್ಟಳು. ಸಾಬಕ್ಕಿ ನೆನೆಸು ಎಂದು ಅಜ್ಜಿ ಹೇಳಿದ್ದು ಮರೆತೇಹೋಯಿತು. ಎಂಥಾ ಜಾಣೆ!

೩
ಮೊದಲ ಮುಕ್ತಾಯ: ಖಿಚಡಿ ಆಯಿತು, ಡಿಗ್ರಿ ಹೋಯಿತು. ಟ್ರ್ಯಾಜಿಡಿ!

ಲ್ಯಾಬಿನಲ್ಲಿ ಕೊಳವೆ ತೊಳೆಯುತ್ತಿದ್ದ ಚಿನ್ಮಯೀ ನನ್ನ ವಾಕ್ಯದೊಳಗಿಂದಲೇ ಜಗಳಕ್ಕೆ ಬಂದಳು.

"ಸರ್, ಸ್ವಲ್ಪರೆ ಕರುಣಾ ಅದ ಏನ್ರಿ ನಿಮಗ? ಮನ್ಯಾಗ ಫೋನ್ ಬಾರಸ್ರಿ!"

"ಸರಿಯಾದ ಹೊತ್ತಿಗೆ ಫೋನ್ ಬಂದರೆ ಸಿನಿಮಾ ಆಗುತ್ತದಮ್ಮ."

"ಆಗ್ಲೇಳ್ರಿ!" ಎಂದವಳು ತುಸು ಹೊತ್ತಿಗೆ ದನಿ ತಗ್ಗಿಸಿದಳು. "ಇರ್ರಿ, ಬ್ಯಾಡ. ಫೋನ್ ಮಾಡಿದ್ರ ಅದೇನಂತ ಹೇಳಬೇಕಾಗ್ತದ. ಆ ಎಂಜೈಮು ಬೂಷ್ಟಿನಿಂದ ತಗದದ್ರಿ. ಅಜ್ಜಿ ಮಡಿ ಡಬ್ಬ್ಯಾಗ, ಏಕಾದಶಿ ದಿನಾ! ತಿಂದ್ರ ಹೊಟ್ಟಿಗೇನೂ ಆಗಂಗಿಲ್ಲ, ಗೊತ್ತಾದ್ರ ಆಕಿ ಜೀವಕ್ಕ ಭಾಳ ಹತ್ತತದ. ಡಿಗ್ರಿ ಹೋದ್ರ ಹೋಗ್ಲಿ, ಮುಂದಿನ ವರ್ಷ ಮಾಡ್ತೇನಿ. ನೀವು ಮಾತ್ರ ಹೇಳಬ್ಯಾಡ್ರಿ."

ಖರೇ ಹೇಳುತ್ತೇನೆ, ಮೊದಲ ಮುಕ್ತಾಯವನ್ನು ಹೊಡೆದುಹಾಕಿದೆ.

೪
"ನಾನೂ ಇದ ಕತ್ಯಾಗ ಇದ್ದೇನಿ. ಎಲ್ಲಾ ಕೇಳಸ್ತದ," ಎಂದರು ಗೋದಾಬಾಯಿ.

(ಇದು ನನ್ನ ಪ್ಲಾನಿನಲ್ಲಿ ಇರಲಿಲ್ಲ.)

ಜೀರಿಗೆ ಚಟಪಟ ಅನ್ನುತ್ತಿತ್ತು. ಒಲೆ ಆರಿಸಿದರು. ಮಣಿಗಳನ್ನು ಮತ್ತೆ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರು.

"ಬೂಷ್ಟಂತ ಬೂಷ್ಟು! ಬರ್ಲಿ ಆಕಿ, ಮಂಗಳಾರತಿ ಮಾಡ್ತೇನಿ. ಇವತ್ತ ನನಗ ನಿಟ್ಟುಪವಾಸ."

"ಹಾಗಾದರೆ ಸುಖಾಂತ್ಯ," ಎಂದೆ, ಪೆನ್ನು ಸರಿಮಾಡಿಕೊಂಡು.

"ಏನ್ ಸುಖಾಂತ? ಮೂರು ನೀರಾಗ ತಿಕ್ಕಿ ತೊಳದೇನಿ. ನಾಳೆ ಅದು ಕೆಲಸಾ ಮಾಡ್ತದೋ ಇಲ್ಲೋ, ನಿಮಗ ಗೊತ್ತದ ಏನು?"

ಗೊತ್ತಿಲ್ಲ. ಚಿನ್ಮಯೀಗೂ ಗೊತ್ತಿಲ್ಲ.

"ಹಂಗಾರ ಪೆನ್ನು ಮುಚ್ಚಿಡ್ರಿ. ನಾಳೆ ದ್ವಾದಶಿ, ಬೆಳಿಗ್ಗೆನ ಉಂಡು ಪಾರಣಿ ಮಾಡಬೇಕು. ಇಷ್ಟು ವರ್ಷದಾಗ ಒಮ್ಮೆರೆ ತಪ್ಪಿಸಿಲ್ಲ. ನಾಳೆ ಮಾತ್ರ ಆಕಿ ಬಂದು, 'ಅದು ಹರೀತು ಅಜ್ಜಿ' ಅನ್ನೂತನಕಾ ನಾ ಉಣ್ಣಂಗಿಲ್ಲ. ಅಲ್ಲೀತನಕಾ ನೀವೂ ಉಪವಾಸ ಇರ್ರಿ."

ಹಸಿದು ಕೂತಿದ್ದೇನೆ. ನಿಮ್ಮದು ಊಟ ಆಯಿತೇ, ಓದುಗರೇ?