ಆಡಿನ ಒಸಡಿಗೆ ಎಂಕಮ್ಮನ ಕೆಂಪು

ನಾರಾಯಣಪೇಟೆಯ ನಮ್ಮ ನೇಕಾರ ಓಣಿಗೆ ಡಾಕ್ಟರ್ ಶರಣಯ್ಯನವರು ಬಂದು ನೆಲೆಸಿದ್ದು ನಮ್ಮ ಪೂರ್ವಜನ್ಮದ ಪುಣ್ಯ. ಹೈದರಾಬಾದಿನಲ್ಲಿ ಓದಿ ಬಂದ ಆ ಮಹಾನುಭಾವರಿಗೆ ಜ್ವರ, ಭೇದಿಯಂಥ ಬಡವರ ರೋಗಗಳ ಮೇಲೆ ಮನಸ್ಸಿರಲಿಲ್ಲ. ಒಸಡಿಗೆ ರಕ್ತ ಯಾವ ದಾರಿಯಿಂದ ಬರುತ್ತದೆ ಎಂಬುದೊಂದೇ ಅವರ ಚಿಂತೆ. ಕಟುಕರಿಂದ ಆಡಿನ ತಲೆ ತರುವುದು, ಕತ್ತಿನ ರಕ್ತನಾಳಕ್ಕೆ ಪಿಚಕಾರಿಯಿಂದ ಕೆಂಪು ಬಣ್ಣ ತುಂಬುವುದು, ಒಸಡು ಕೊಯ್ದು ಭೂತಗನ್ನಡಿಯಲ್ಲಿ ನೋಡುವುದು. ಮೂರು ವರ್ಷದಲ್ಲಿ ಮೂರು ದಾರಿ ಸಿಕ್ಕವು: ಹಲ್ಲಿನ ಬೇರಿನ ಸುತ್ತಿನಿಂದ ಒಂದು, ಎಲುಬಿನ ಒಳಗಿನಿಂದ ಒಂದು, ಎಲುಬಿನ ಮೇಲಿನಿಂದ ಒಂದು. ಸರ್ಕಾರದ ಸಡಕು ಕೂಡ ಇಷ್ಟು ಚುರುಕಾಗಿ ಆದದ್ದಿಲ್ಲ.

ಬಣ್ಣ ಮಾತ್ರ ಎದುರುಮನೆಯ ಎಂಕಮ್ಮನದು. ಅವಳು ನೂಲಿಗೆಂದು ಕಾಸಿಟ್ಟ ಕೆಂಪನ್ನು ಡಾಕ್ಟರು ಸೀಸೆಗಟ್ಟಲೆ ಒಯ್ಯುತ್ತಿದ್ದರು. ಹರಿದ ಎಳೆ ಕೂಡಿಸಿ ತುದಿಯನ್ನು ಹಲ್ಲಿನಿಂದ ಕಡಿಯುವಾಗ ಅವಳ ಒಸಡಿನಿಂದ ರಕ್ತ ಬರುತ್ತಿತ್ತು. ಹಾಗೆ ಕಲೆಯಾದ, ಕೆಂಪು ಸೆರಗಿನ ಹಳದಿ ಸೀರೆಯೊಂದನ್ನು ನೇಯಿಸಿಕೊಳ್ಳುವ ಸಾಹುಕಾರ ಅವಳ ಮುಖಕ್ಕೆ ಎಸೆದಿದ್ದ. ಅಂದಿನಿಂದ ಅದನ್ನು ಅವಳೇ ಉಡುತ್ತಿದ್ದಳು.

"ನನ್ನ ಬಾಯಿ ಒಂದೀಟು ನೋಡ್ರಿ, ಡಾಕ್ಟರ್ ಸಾಬ್."

"ಫುರಸತ್ ಇಲ್ಲವ್ವಾ. ಜೀವಂತ ಬಾಯಿ ಕೊಯ್ಯಾಕ ಬರಂಗಿಲ್ಲ, ಏನ್ ನೋಡ್ಲಿ?"

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಆಕ್ಷನ್ ಮುಗಿದು ವಾರವಾಗಿತ್ತು. ಮಿಲಿಟರಿಯವರು ಮನೆಮನೆ ತಲಾಶಿ ಮಾಡುತ್ತ ನಮ್ಮ ಓಣಿಗೂ ಬಂದರು. ಬೆಳಗಾವಿ ಕಡೆಯ ಜಮಾದಾರನೊಬ್ಬ ಡಾಕ್ಟರ ಕೋಣೆಗೆ ನುಗ್ಗಿದ. ಸೀಸೆಗಳಲ್ಲಿ ಕೆಂಪು ಮಾಂಸದ ತುಂಡು, ಗೋಡೆಗೆ ಸಿಡಿದ ಕೆಂಪು.

"ಯಾರನ್ನ ಕಡಿದಿ, ಹೇಳು!"

ಎದೆಗೆ ಬಂದೂಕು ಬಂದಾಗ ಬೇರೆ ಯಾರೇ ಆಗಿದ್ದರೂ "ಆಡಿನದು" ಎಂದುಬಿಡುತ್ತಿದ್ದರು. ನಮ್ಮ ಪಂಡಿತರು ಮೂರು ದಾರಿಗಳನ್ನು ವಿವರಿಸತೊಡಗಿದರು. ಎರಡನೆಯ ದಾರಿಗೆ ಬರುವಷ್ಟರಲ್ಲಿ ಜಮಾದಾರ ಅವರ ಕೈಗೆ ಹಗ್ಗ ಬಿಗಿಸಿದ್ದ, ಜೀಪಿಗೆ ಹತ್ತಿಸಿ ಎಂದಿದ್ದ. ಆ ದಿನಗಳಲ್ಲಿ ಜೀಪು ಹತ್ತಿದವರೆಲ್ಲ ತಿರುಗಿ ಬಂದಿರಲಿಲ್ಲ. ನಾವು ಗಂಡಸರೆಲ್ಲ ಧೈರ್ಯವಾಗಿ ಬಾಗಿಲು ಹಾಕಿಕೊಂಡು ಕಿಂಡಿಯಿಂದ ನೋಡಿದೆವು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಎಂಕಮ್ಮ ಮಗ್ಗ ಬಿಟ್ಟು ನೇರವಾಗಿ ಡಾಕ್ಟರ ಕೋಣೆಯೊಳಗೆ ಹೋದಳು.

"ಸೀಸ್ಯಾಗಿಂದು ಆಡಿನ ಒಸಡು, ಅದು ರಕ್ತ ಅಲ್ರಿ ಸಾಹೇಬ್ರ, ನನ್ನ ಬಣ್ಣ," ಎಂದು ಉಟ್ಟಿದ್ದ ಆ ಸೀರೆಯ ಕೆಂಪು ಸೆರಗನ್ನು ಗೋಡೆಗೆ ಹಿಡಿದಳು. ಎರಡೂ ಒಂದೇ ಕೆಂಪು. ಆಮೇಲೆ ಅದೇ ಸೀರೆಯ ಹಳದಿ ಒಡಲಿನ ಕಂದು ಕಲೆ ತೋರಿಸಿದಳು. "ರಕ್ತ ಅಂದ್ರ ಇದು ನೋಡ್ರಿ. ಒಣಗಿದ್ರ ಹಿಂಗ ಕರ್ರಗಾಗ್ತೈತಿ. ನನ್ನ ಒಸಡಿಂದು."

ಜಮಾದಾರ ಗೋಡೆ ನೋಡಿದ, ಸೀರೆ ನೋಡಿದ, ಹಗ್ಗ ಬಿಚ್ಚಿಸಿದ. ಅವನಿಗೆ ಒಂದೇ ಅನುಮಾನ ಉಳಿದಿತ್ತು.

"ಒಸಡಿನ ಡಾಕ್ಟರು ಎದುರಮನ್ಯಾಗ ಇದ್ದೂ ನಿಂದು ನೋಡಿಲ್ಲೇನು?"

"ಅವ್ರಿಗೆ ಸತ್ತವರ ಬಾಯಿನ ಬೇಕ್ರಿ," ಎಂದಳು ಎಂಕಮ್ಮ. "ನಾ ಇನ್ನಾ ಜೀವಂತ ಅದೀನಲ್ರಿ."